ಗುಜರಿಗೂ ಪರಂಪರೆಗೂ ನಡುವೆ ಒಂದು ಫಿಯೆಟ್ಟು

2023ರ ಅಕ್ಟೋಬರ್ ಕೊನೆಯ ವಾರ ಮುಂಬಯಿಯ ಪತ್ರಿಕೆಗಳು ಒಂದು ಕಾರಿಗೆ ಶ್ರದ್ಧಾಂಜಲಿ ಬರೆದವು. ಕಪ್ಪು ಮೈ, ಹಳದಿ ತಲೆಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ ಅದು. ತಾರ್‌ದೇವ್ ಆರ್‌ಟಿಓ ಕಚೇರಿಯಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಮುಂಬಯಿಯಲ್ಲಿ ಟ್ಯಾಕ್ಸಿಯೊಂದರ ಆಯುಷ್ಯ 20 ವರ್ಷ ಎಂದು ನಿಗದಿಯಾಗಿರುವುದರಿಂದ, 2023ರ ಅಕ್ಟೋಬರ್ 30ರಿಂದ ಆ ನಗರದಲ್ಲಿ ಪದ್ಮಿನಿ ಟ್ಯಾಕ್ಸಿ ಎಂಬುದು ಅಧಿಕೃತವಾಗಿ ಇಲ್ಲವಾಯಿತು. ಹಳೆಯ ಸಿನಿಮಾಗಳ ನೆನಪು, ಮಳೆಗಾಲದ ಮರೀನ್ ಡ್ರೈವ್, ಛಾವಣಿಯ ಮೇಲಿನ ಲಗೇಜ್ ಕ್ಯಾರಿಯರ್, ಹೀಗೆ ಎಲ್ಲವೂ ಆ ಬರಹಗಳಲ್ಲಿದ್ದವು.

ಇಲ್ಲದೇ ಇದ್ದದ್ದು ಒಂದೇ ಒಂದು ಪ್ರಶ್ನೆ. ಇಟಲಿಯಲ್ಲಿ 1953ರಲ್ಲಿ ಹೊರಬಂದ ಕಾರೊಂದು, ಅಲ್ಲಿ ಅದರ ವಂಶವೇ 1969ರಲ್ಲಿ ನಿಂತುಹೋದ ಮೇಲೂ, ನಮ್ಮಲ್ಲಿ ಇಷ್ಟು ವರ್ಷ ಓಡಿದ್ದು ಹೇಗೆ? ಅದನ್ನು ಓಡಿಸಿದವರು ಯಾರು? ನಾನು ಇಲ್ಲಿ ಹೇಳಹೊರಟಿರುವುದು ಆ ಪ್ರಶ್ನೆಯ ಸುತ್ತಲಿನ ಚರಿತ್ರೆಯನ್ನು. ಹದಿನಾಲ್ಕು ವರ್ಷ ಕೊಬ್ಬರಿ ಗೋದಾಮಿನ ಮೂಲೆಯಲ್ಲಿ ನಿಂತಿದ್ದ ಪದ್ಮಿನಿಯೊಂದನ್ನು ಕಳೆದ ವರ್ಷವಿಡೀ ಬಿಚ್ಚಿ ಜೋಡಿಸಿದ ಅನುಭವವೂ ಇದರೊಳಗೆ ಸೇರಿಕೊಂಡಿದೆ. ನಾನು ಮೆಕ್ಯಾನಿಕ್ ಅಲ್ಲ. ಮೈಸೂರು ಸಂಸ್ಥಾನದ ಕೈಗಾರಿಕೆಗಳ ಚರಿತ್ರೆಯ ಮೇಲೆ ಪಿಎಚ್‌ಡಿ ಮಾಡುತ್ತಿರುವವಳು. ಕಡತಗಳಲ್ಲಿ ಓದಿದ್ದ ಒಂದು ಕಥೆ ಬಾನೆಟ್ಟಿನ ಕೆಳಗೂ ಮುಂದುವರಿದಿತ್ತು ಎನ್ನುವುದಷ್ಟೇ ನನ್ನ ಆಸಕ್ತಿ.

ಕಥೆ ಶುರುವಾಗುವುದು ನಮ್ಮ ಕಡೆಯಿಂದಲೇ. 1918ರಲ್ಲಿ ದಿವಾನಗಿರಿ ಬಿಟ್ಟ ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಹಿಡಿದ ದೊಡ್ಡ ಹಟ ಭಾರತದಲ್ಲೇ ಮೋಟಾರು ತಯಾರಾಗಬೇಕು ಎನ್ನುವುದು. 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಯುರೋಪು ಅಮೆರಿಕಗಳ ಕಾರ್ಖಾನೆಗಳನ್ನು ಸುತ್ತಿ ಬಂದು ಯೋಜನೆಯೊಂದನ್ನು ಸಿದ್ಧಪಡಿಸಿದರು. ಬೊಂಬಾಯಿಯ ಕಾಂಗ್ರೆಸ್ ಸರ್ಕಾರ ಒಲವು ತೋರಿತಾದರೂ ಯುದ್ಧದ ಪ್ರಶ್ನೆಯ ಮೇಲೆ ಆ ಮಂತ್ರಿಮಂಡಲ 1939ರಲ್ಲಿ ರಾಜೀನಾಮೆ ಕೊಟ್ಟಿತು. ಯೋಜನೆಯನ್ನು ಕೈಗೆತ್ತಿಕೊಂಡ ಉದ್ಯಮಿ ವಾಲಚಂದ್ ಹೀರಾಚಂದ್ ಅಮೆರಿಕದ ಕ್ರೈಸ್ಲರ್ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡರು. ಮೈಸೂರು ಸಂಸ್ಥಾನ ಜೊತೆಗೂಡಲು ತಯಾರಿತ್ತು. ಆದರೆ ದಿಲ್ಲಿಯ ಬ್ರಿಟಿಷ್ ಸರ್ಕಾರ ಯುದ್ಧಕಾಲದಲ್ಲಿ ಈ ಕಾರ್ಖಾನೆಗೆ ಬೆಂಬಲ ಕೊಡಲಿಲ್ಲ. ಕಾರು ಕಟ್ಟಬಹುದಾಗಿದ್ದ ಬೆಂಗಳೂರಿನಲ್ಲಿ ಅದೇ ವಾಲಚಂದ್ ಮತ್ತು ಅದೇ ಮೈಸೂರು ಸರ್ಕಾರ ಸೇರಿ 1940ರ ಡಿಸೆಂಬರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಕಟ್ಟಿದರು. ಇಂದಿನ ಎಚ್ಎಎಲ್ ಅದು. ಕಾರಿನ ಕಾರ್ಖಾನೆ ಮೈಸೂರು ರಾಜ್ಯಕ್ಕೆ ಬರಲೇ ಇಲ್ಲ. 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಎಂಬ ಹೆಸರಿನಲ್ಲಿ ಅದು ಬೊಂಬಾಯಿಯಲ್ಲಿ ಹುಟ್ಟಿ ಕುರ್ಲಾದಲ್ಲಿ ನೆಲೆ ನಿಂತಿತು.

ಸ್ವಾತಂತ್ರ್ಯದ ಹೊತ್ತಿಗೆ ಪ್ರೀಮಿಯರ್ ಜೋಡಿಸುತ್ತಿದ್ದದ್ದು ಕ್ರೈಸ್ಲರ್ ಬಳಗದ ಡಾಡ್ಜ್, ಪ್ಲಿಮತ್ ಗಾಡಿಗಳನ್ನು. 1949ರಲ್ಲಿ ಪೂರ್ತಿ ತಯಾರಾದ ಕಾರುಗಳ ಆಮದು ನಿಂತಿತು. 1953ರಲ್ಲಿ ಸುಂಕ ಆಯೋಗದ ವರದಿಯ ಮೇಲೆ ಸರ್ಕಾರ ಒಂದು ಗಟ್ಟಿ ನಿಲುವು ತಳೆಯಿತು: ಬಿಡಿಭಾಗಗಳನ್ನು ತಂದು ಬರೀ ಜೋಡಿಸುವವರು ಬೇಡ, ಇಲ್ಲೇ ತಯಾರಿಸುವ ಕಾರ್ಯಕ್ರಮ ಇರುವವರು ಮಾತ್ರ ಉಳಿಯಲಿ. ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಗಂಟುಮೂಟೆ ಕಟ್ಟಿದವು. ಕಾರು ಕೊಳ್ಳುವವರ ಮುಂದೆ ಕೊನೆಗೆ ಉಳಿದದ್ದು ಮೂರೇ ಮನೆ. ಕಲ್ಕತ್ತೆಯ ಹತ್ತಿರದ ಉತ್ತರಪಾರಾದಲ್ಲಿ ಹಿಂದುಸ್ತಾನ್ ಮೋಟಾರ್ಸ್, ಮದರಾಸಿನಲ್ಲಿ ಸ್ಟ್ಯಾಂಡರ್ಡ್, ಬೊಂಬಾಯಿಯಲ್ಲಿ ಪ್ರೀಮಿಯರ್. ಹಿಂದುಸ್ತಾನ್ ಮತ್ತು ಸ್ಟ್ಯಾಂಡರ್ಡ್ ಇಂಗ್ಲೆಂಡಿನ ಕಡೆ ಮುಖ ಮಾಡಿದರೆ, ಪ್ರೀಮಿಯರ್ ಇಟಲಿಯ ಫಿಯೆಟ್ ಜೊತೆ ಕೈಜೋಡಿಸಿತು.

1954ರಿಂದ ಇಲ್ಲಿ ತಯಾರಾಗತೊಡಗಿದ ಫಿಯೆಟ್ 1100ರ ಗುಂಡುಗುಂಡಾದ ಮೂತಿಯನ್ನು ನೋಡಿ ಬೊಂಬಾಯಿಯವರು ಅದನ್ನು ಮರಾಠಿಯಲ್ಲಿ ಡುಕ್ಕರ್ ಫಿಯೆಟ್, ಅಂದರೆ ಹಂದಿ ಫಿಯೆಟ್ ಎಂದು ಕರೆದರು. 1964ರಲ್ಲಿ ಚೌಕ ಮೂತಿಯ 1100 ಡಿ ಬಂತು. ಫಿಯೆಟ್ ಜೊತೆಗಿನ ಒಪ್ಪಂದ ಮುಗಿದ ಮೇಲೆ ಅದೇ ಕಾರು ಮೊದಲು ಪ್ರೀಮಿಯರ್ ಪ್ರೆಸಿಡೆಂಟ್ ಆಗಿ, 1974ರಲ್ಲಿ ಪ್ರೀಮಿಯರ್ ಪದ್ಮಿನಿಯಾಗಿ ಹೆಸರು ಬದಲಿಸಿಕೊಂಡಿತು. ನಮ್ಮ ಊರುಗಳಲ್ಲಿ ಈ ನಾಮಕರಣವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕೊನೆಯತನಕ ಅದು ಫಿಯೆಟ್ಟೇ.

ಒಳಗಿನ ಇಂಜಿನ್ ಮಾತ್ರ ಹೆಸರುಗಳಿಗಿಂತ ಹಳೆಯದು. ನಾಲ್ಕು ಸಿಲಿಂಡರಿನ, 1089 ಸಿಸಿಯ ಆ ಇಂಜಿನ್ನಿನ ಬೇರು ಫಿಯೆಟ್ 1937ರಲ್ಲಿ ಹೊರತಂದ ಕಾರಿನವರೆಗೂ ಹೋಗುತ್ತದೆ. ನಲವತ್ತರ ಆಸುಪಾಸಿನ ಅಶ್ವಶಕ್ತಿ, ಸ್ಟಿಯರಿಂಗ್ ಕಂಬಕ್ಕೇ ಅಂಟಿಕೊಂಡ ಗೇರು, ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು. ಇಟಲಿಯಲ್ಲಿ ಮೂಲ ನಿಂತುಹೋದ ಮೇಲೂ ಮೂವತ್ತು ವರ್ಷ ಕುರ್ಲಾದಲ್ಲಿ ಅದರ ಪ್ರತಿ ತಯಾರಾಗುತ್ತಲೇ ಇತ್ತು. ತಾಳೆಗರಿಗಳ ಮೇಲೆ ಕೆಲಸ ಮಾಡುವ ನನ್ನ ಹಾಸ್ಟೆಲಿನ ಗೆಳತಿಗೆ ಇದನ್ನು ಹೇಳಿದಾಗ ಅವಳು ನಕ್ಕು, "ನಮ್ಮಲ್ಲೂ ಹೀಗೇ, ಮೂಲ ಎಲ್ಲೋ ಕಳೆದುಹೋಗಿರುತ್ತದೆ, ದೂರದ ಊರಿನ ಯಾವುದೋ ಪ್ರತಿ ಉಳಿದಿರುತ್ತದೆ" ಅಂದಳು.

ಈ ಪ್ರತಿ ಉಳಿದದ್ದಕ್ಕೆ ದೊಡ್ಡ ಕಾರಣ ಅಭಾವ. ಯಾರು ಎಷ್ಟು ಕಾರು ಮಾಡಬೇಕು ಎನ್ನುವುದಕ್ಕೆ ಲೈಸೆನ್ಸು, ಎಷ್ಟಕ್ಕೆ ಮಾರಬೇಕು ಎನ್ನುವುದಕ್ಕೆ 1969ರಲ್ಲಿ ಸರ್ಕಾರವೇ ನಿಗದಿಪಡಿಸಿದ ಬೆಲೆ. ಆ ಬೆಲೆಯ ಜಗಳ ಸುಪ್ರೀಂ ಕೋರ್ಟಿನ ತನಕ ಹೋಗಿ 1971ರಲ್ಲಿ ತೀರ್ಪಾಯಿತು. ಕೊಳ್ಳುವವರು ಮುಂಗಡ ಕಟ್ಟಿ ವರ್ಷಗಟ್ಟಲೆ ಕಾಯುತ್ತಿದ್ದರು. ಅಷ್ಟು ಕಾದು ಪಡೆದ ವಸ್ತುವನ್ನು ಯಾರೂ ಐದು ವರ್ಷಕ್ಕೆ ಬಿಸಾಡುವುದಿಲ್ಲ. ಕೆಟ್ಟರೆ ರಿಪೇರಿ, ಮತ್ತೆ ಕೆಟ್ಟರೆ ಮತ್ತೆ ರಿಪೇರಿ. ಹೊಸ ಕ್ಲಚ್ ಪ್ಲೇಟಿನ ಬದಲು ಹಳೆಯದಕ್ಕೇ ಹೊಸ ಲೈನಿಂಗ್ ಹೊಡೆಸುವುದು, ಸವೆದ ಸಿಲಿಂಡರನ್ನು ಲೇತಿಗೆ ಹಾಕಿ ಬೋರ್ ಮಾಡಿಸಿ ಒಂದು ಸುತ್ತು ದೊಡ್ಡ ಪಿಸ್ಟನ್ ಕೂರಿಸುವುದು, ಗ್ಯಾಸ್ಕೆಟ್ ಸಿಗದಿದ್ದರೆ ದಪ್ಪ ಕಾಗದವನ್ನು ಕತ್ತರಿಸಿ ಮಾಡಿಕೊಳ್ಳುವುದು, ಇವೆಲ್ಲ ಈ ಅಭಾವ ಕಲಿಸಿದ ವಿದ್ಯೆಗಳು. ಎರಡನೇ ಮಹಾಯುದ್ಧದ ಪೆಟ್ರೋಲ್ ಬರದಲ್ಲಿ ಬಸ್ಸಿನ ಬೆನ್ನಿಗೆ ಇದ್ದಿಲ ಒಲೆ ಕಟ್ಟಿ ಘಾಟಿ ಹತ್ತಿಸಿದ ನಮ್ಮ ಹಿಂದಿನ ತಲೆಮಾರಿಗೆ ಇದೇನೂ ಹೊಸದಾಗಿರಲಿಲ್ಲ.

ಆ ಕಾಲದಲ್ಲಿ ಕಾರಿನ ಒಡೆಯನೂ ಅರ್ಧ ಮೆಕ್ಯಾನಿಕ್ಕೇ ಆಗಿರಬೇಕಿತ್ತು. ಪ್ಲಗ್ ಬಿಚ್ಚಿ ಮಸಿ ಉಜ್ಜುವುದು, ಪಾಯಿಂಟ್ ಗ್ಯಾಪ್ ನೋಡುವುದು, ಫ್ಯಾನ್ ಬೆಲ್ಟ್ ಬದಲಿಸುವುದು ಅವನಿಗೆ ಗೊತ್ತಿರುತ್ತಿತ್ತು. ಕಾರಿನೊಂದಿಗೆ ಬರುತ್ತಿದ್ದ ಕೈಪಿಡಿಗಳೂ ಅದನ್ನು ಅವನಿಂದ ನಿರೀಕ್ಷಿಸುತ್ತಿದ್ದವು. ಇದಕ್ಕಿಂತ ಗಾಢವಾದ ನಂಟನ್ನು ಋತ್ವಿಕ್ ಘಟಕ್ 1958ರಲ್ಲೇ 'ಅಜಾಂತ್ರಿಕ್' ಸಿನಿಮಾದಲ್ಲಿ ತೋರಿಸಿದ್ದರು. ಸುಬೋಧ್ ಘೋಷ್ ಅವರ ಕಥೆಯನ್ನು ಆಧರಿಸಿದ ಆ ಚಿತ್ರದಲ್ಲಿ ಬಿಮಲ್ ಎಂಬ ಒಂಟಿ ಟ್ಯಾಕ್ಸಿ ಚಾಲಕನಿಗೆ ಜಗದ್ದಲ್ ಎಂಬ ಲಟಾರಿ ಷೆವ್ರೊಲೆ ಕಾರೇ ಬಂಧು ಬಳಗ. ಕೊನೆಗೆ ಆ ಕಾರು ಗುಜರಿ ಪಾಲಾಗುತ್ತದೆ. ಬಿಮಲನನ್ನು ಊರವರೆಲ್ಲ ಹುಚ್ಚ ಎಂದುಕೊಂಡಿದ್ದರು. ಯಂತ್ರವೊಂದನ್ನು ಅದರ ವಯಸ್ಸು ಮೀರಿ ಓಡಿಸಲು ಹೊರಟವರನ್ನು ಲೋಕ ಇವತ್ತಿಗೂ ಹಾಗೇ ನೋಡುತ್ತದೆ.

ಈಗ ಗೋದಾಮಿನ ಕಾರಿಗೆ ಬರುತ್ತೇನೆ. ತಿಪಟೂರಿನ ಹತ್ತಿರ ತೆಂಗಿನ ತೋಟ ಮಾಡಿಕೊಂಡಿದ್ದ ನನ್ನ ದೊಡ್ಡಪ್ಪ 1978ರಲ್ಲಿ ಪದ್ಮಿನಿಗೆ ಹಣ ಕಟ್ಟಿದ್ದರಂತೆ. ಕಾರು ಕೈಗೆ ಬಂದದ್ದು 1984ರಲ್ಲಿ. ಅದಕ್ಕೆ ಕೆಲವೇ ತಿಂಗಳು ಮೊದಲು, 1983ರ ಡಿಸೆಂಬರಿನಲ್ಲಿ, ಮೊದಲ ಮಾರುತಿ 800 ರಸ್ತೆಗಿಳಿದಿತ್ತು. ಆರು ವರ್ಷ ಕಾದು ತಂದ ಹೊಸ ಕಾರು ಬರುವಾಗಲೇ ಹಳೆಯದಾಗಿತ್ತು. ದೊಡ್ಡಪ್ಪ ಅದನ್ನು 2009ರಲ್ಲಿ ತಾವು ತೀರಿಹೋಗುವ ತನಕ ಓಡಿಸಿದರು. ಆಮೇಲೆ ಅದು ಗೋದಾಮು ಸೇರಿತು. ಗುಜರಿಯವರು ಎರಡು ಮೂರು ಸಲ ಬಂದು ತೂಕದ ಮೇಲೆ ಬೆಲೆ ಹೇಳಿದರು. ದೊಡ್ಡಮ್ಮ ಒಪ್ಪಲಿಲ್ಲ. "ತೂಕಕ್ಕೆ ಹಾಕೋ ಸಾಮಾನಲ್ಲ ಅದು" ಎನ್ನುವುದಷ್ಟೇ ಅವರ ಉತ್ತರ.

ತಿಪಟೂರಿನಲ್ಲಿ ಫಿಯೆಟ್ಟು, ಅಂಬಾಸಿಡರ್‌ಗಳ ಕೆಲಸ ಬಲ್ಲ ಮೇಸ್ತ್ರಿ ಒಬ್ಬರಿದ್ದಾರೆ. ಎಪ್ಪತ್ತು ದಾಟಿದೆ, ಗ್ಯಾರೇಜು ಮುಚ್ಚಿ ಹತ್ತು ವರ್ಷವಾಗಿದೆ. ಕಾರಿನ ಫೋಟೋ ತೋರಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ನಿಲ್ಸಿದಾಗ ಓಡ್ತಿತ್ತಾ, ಕೆಟ್ಟು ನಿಂತಿದ್ದಾ?" ಓಡುತ್ತಿತ್ತು ಎಂದೆ. "ಹಂಗಾದ್ರೆ ಬದುಕುತ್ತೆ" ಅಂದರು. ಕೆಲಸ ನಾನು ಮಾಡುವುದು, ಅವರು ಕುರ್ಚಿ ಹಾಕಿಕೊಂಡು ಕೂತು ಹೇಳಿಕೊಡುವುದು ಎಂದು ಮಾತಾಯಿತು. ತಿಂಗಳಿಗೆರಡು ಶನಿವಾರ ಭಾನುವಾರಗಳು, ಒಂದು ವರ್ಷ.

ಬಹಳ ಕಾಲ ನಿಂತ ಇಂಜಿನ್ನಿಗೆ ಮೊದಲೇ ಬ್ಯಾಟರಿ ಕೊಟ್ಟು ಸೆಲ್ಫ್ ಹೊಡೆಯಬಾರದು. ಸಿಲಿಂಡರಿನ ಗೋಡೆಗೆ ತುಕ್ಕು ಹಿಡಿದು ಪಿಸ್ಟನ್ನಿನ ರಿಂಗುಗಳು ಅಂಟಿಕೊಂಡಿದ್ದರೆ ಒಂದೇ ಜಗ್ಗಿಗೆ ಮುರಿಯುತ್ತವೆ. ನಾಲ್ಕೂ ಪ್ಲಗ್ ಬಿಚ್ಚಿ, ಒಂದೊಂದು ಸಿಲಿಂಡರಿಗೂ ಸ್ವಲ್ಪ ಇಂಜಿನ್ ಆಯಿಲು, ಸ್ವಲ್ಪ ಡೀಸೆಲ್ಲು ಸುರಿದು ಬಿಟ್ಟೆವು. ಒಂದು ವಾರ ಹಾಗೇ ಇರಲಿ ಎಂದರು ಮೇಸ್ತ್ರಿ. ಅಷ್ಟು ದಿನ ಯಾಕೆ ಎಂದು ಕೇಳಿದ್ದಕ್ಕೆ, "ಅವಸರ ಮಾಡ್ಬ್ಯಾಡ ಕಣವ್ವ. ಹದಿನಾಲ್ಕು ವರ್ಷ ನಿಂತೈತೆ, ಇನ್ನೊಂದು ವಾರ ನಿಂತ್ರೆ ಏನಾಗಲ್ಲ" ಅಂದರು. ವಾರ ಕಳೆದ ಮೇಲೆ ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಪಾನಾ ಹಾಕಿ ಮೆಲ್ಲಗೆ ಒತ್ತಿದಾಗ ಮೊದಲು ಅಲುಗಲಿಲ್ಲ. ಹಿಂದೆ ಮುಂದೆ ಕೂದಲೆಳೆಯಷ್ಟು ಆಡಿಸುತ್ತಾ ಹೋದಂತೆ ಎಲ್ಲೋ ಒಳಗೆ ಬಿಟ್ಟುಕೊಟ್ಟಿತು. ಪೂರ್ತಿ ಒಂದು ಸುತ್ತು ತಿರುಗಿತು.

ಟ್ಯಾಂಕಿನಲ್ಲಿದ್ದ ಪೆಟ್ರೋಲು ವಾರ್ನಿಷ್ಷಿನ ಹಾಗೆ ನಾರುತ್ತಿತ್ತು. ಸೋಲೆಕ್ಸ್ ಕಾರ್ಬುರೇಟರಿನ ಬಟ್ಟಲ ತಳದಲ್ಲಿ ಅದು ಹಳದಿ ಅಂಟಾಗಿ ಕೂತಿತ್ತು. ಜೆಟ್‌ಗಳನ್ನು ತೊಳೆದು ಗಾಳಿ ಹೊಡೆಯಬೇಕೇ ಹೊರತು ತಂತಿ ಹಾಕಿ ಚುಚ್ಚುವಂತಿಲ್ಲ, ಯಾಕೆಂದರೆ ತೂತು ಕೂದಲಷ್ಟು ದೊಡ್ಡದಾದರೂ ಪೆಟ್ರೋಲಿನ ಅಳತೆ ತಪ್ಪುತ್ತದೆ. ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ಅಷ್ಟು ವರ್ಷದಲ್ಲಿ ಚಕ್ರದ ಸಿಲಿಂಡರುಗಳು ಒಳಗೇ ತುಕ್ಕು ಹಿಡಿದು ಬಿಗಿದುಕೊಂಡಿದ್ದವು. ಅವನ್ನು ಹೊಸದಾಗಿ ಹುಡುಕಲು ಬೆಂಗಳೂರಿನ ಜೆ.ಸಿ. ರಸ್ತೆಗೂ ಶಿವಾಜಿನಗರದ ಗುಜರಿ ಸಾಲಿಗೂ ಅಲೆದೆ. ಪೆಟ್ರೋಲಿನ ರಬ್ಬರ್ ಪೈಪುಗಳನ್ನೂ ಪಂಪಿನ ಪೊರೆಯನ್ನೂ ಬದಲಿಸಲೇಬೇಕಿತ್ತು. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ, ಹಳೆಯ ರಬ್ಬರು ಅದಕ್ಕೆ ತಾಳುವುದಿಲ್ಲ. 1953ರ ನೀತಿಯಿಂದ ರೂಪುಗೊಂಡ ಕಾರಿನ ಮೇಲೆ ಇವತ್ತಿನ ನೀತಿಯ ಗುರುತೂ ಹೀಗೆ ಬೀಳುತ್ತದೆ.

ಪಾನಾಗಳ ಕಥೆಯೂ ಹಾಗೆಯೇ. ಇಟಲಿಯ ಮೂಲದ ಫಿಯೆಟ್ಟಿನ ನಟ್ಟು ಬೋಲ್ಟುಗಳು ಮಿಲಿಮೀಟರಿನ ಲೆಕ್ಕದವು, ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನಿಂದ ಬಂದ ಅಂಬಾಸಿಡರಿನವು ಇಂಚಿನ ಲೆಕ್ಕದವು. ಮೇಸ್ತ್ರಿಯ ಕಬ್ಬಿಣದ ಪೆಟ್ಟಿಗೆಯಲ್ಲಿ ಎರಡು ಖಾನೆಗಳಿದ್ದವು. ಒಂದರಲ್ಲಿ 10-11, 12-13, 14-15ರ ಪಾನಾಗಳು, ಇನ್ನೊಂದರಲ್ಲಿ ಅರ್ಧ ಇಂಚು, ಮುಕ್ಕಾಲು ಇಂಚಿನವು. ನಮ್ಮ ಕೈಗಾರಿಕಾ ನೀತಿ ಯಾವ ಯಾವ ದೇಶದ ಬಾಗಿಲು ತಟ್ಟಿತು ಎನ್ನುವ ಚರಿತ್ರೆಯನ್ನು ಆ ಪೆಟ್ಟಿಗೆ ಯಾವ ಗ್ರಂಥದ ಸಹಾಯವೂ ಇಲ್ಲದೆ ಹೇಳುತ್ತಿತ್ತು.

ಸಂಶೋಧಕಿಯಾಗಿ ನನಗೆ ದೊಡ್ಡ ಸಂಪತ್ತು ಸಿಕ್ಕಿದ್ದು ಡ್ಯಾಶ್‌ಬೋರ್ಡಿನ ಗೂಡಿನಲ್ಲಿ. ದೊಡ್ಡಪ್ಪನ ಲೆಕ್ಕದ ಪುಸ್ತಕ. ಎಷ್ಟು ಲೀಟರು ಪೆಟ್ರೋಲು, ಯಾವ ಊರಿಗೆ, ಏನು ಕೆಲಸವಾಯಿತು ಎಂದು ಇಪ್ಪತ್ತೈದು ವರ್ಷ ಒಂದೇ ದುಂಡಗಿನ ಕೈಬರಹ. ಅದನ್ನು ಓದಿಕೊಂಡು ಕಾರಿನ ಸುತ್ತ ಬಂದರೆ ಒಂದೊಂದು ಭಾಗಕ್ಕೂ ತಾರೀಖು ಸಿಗುತ್ತಿತ್ತು. ಇಂಜಿನ್ ಒಮ್ಮೆ ಬೋರ್ ಆಗಿದೆ. ಆಲ್ಟರ್ನೇಟರು ಬೇರೆ ಕಂಪನಿಯ ಕಾರಿನದು, ಅದನ್ನು ಹಿಡಿದು ನಿಲ್ಲಿಸಿರುವ ಪಟ್ಟಿ ಊರಿನ ವೆಲ್ಡಿಂಗ್ ಅಂಗಡಿಯದು. ಡ್ರೈವರ್ ಸೀಟಿನ ಕೆಳಗಿನ ನೆಲ ತುಕ್ಕು ತಿಂದಾಗ ಕತ್ತರಿಸಿ ಹೊಸ ತಗಡು ಕೂರಿಸಲಾಗಿದೆ. ಬಣ್ಣ ಮೂರನೆಯದು. ರೇಡಿಯೇಟರಿನ ಕೆಳಗಿನ ಪೈಪು ಪಂಪ್‌ಸೆಟ್ಟಿನದು.

ಇದನ್ನೆಲ್ಲ ಕಿತ್ತು 1984ರಲ್ಲಿ ಷೋರೂಮಿನಿಂದ ಬಂದ ಹಾಗೆ ಮಾಡುವುದೋ, ಅಥವಾ ಇದ್ದದ್ದನ್ನು ಇದ್ದ ಹಾಗೆ ಉಳಿಸಿಕೊಳ್ಳುವುದೋ? ಹಳೆಯ ಪಠ್ಯವನ್ನು ಸಂಪಾದಿಸುವವರು ಈ ಪ್ರಶ್ನೆಯನ್ನು ಚೆನ್ನಾಗಿ ಬಲ್ಲರು. ಲಿಪಿಕಾರ ಬರೆದದ್ದರಲ್ಲಿ ಯಾವುದು ತಪ್ಪು, ಯಾವುದು ಪಾಠಾಂತರ, ಯಾವುದನ್ನು ಅಡಿಟಿಪ್ಪಣಿಗೆ ಇಳಿಸಬೇಕು, ಯಾವುದನ್ನು ಉಳಿಸಬೇಕು ಎನ್ನುವುದು ಅವರ ನಿತ್ಯದ ಯೋಚನೆ. ಹಳೆಯ ಕಟ್ಟಡಗಳ ವಿಷಯದಲ್ಲಿ 1964ರ ವೆನಿಸ್ ಸನ್ನದು ಒಂದು ದಾರಿ ತೋರಿಸಿತು: ಕಟ್ಟಡಕ್ಕೆ ಬೇರೆ ಬೇರೆ ಕಾಲಗಳು ಕೊಟ್ಟ ಸರಿಯಾದ ಕೊಡುಗೆಗಳನ್ನೆಲ್ಲ ಗೌರವಿಸಬೇಕು, ಯಾವುದೋ ಒಂದು ಕಾಲದ ಶುದ್ಧ ರೂಪಕ್ಕೆ ಮರಳುವುದೇ ಗುರಿಯಲ್ಲ. ಅದೇ ಜಾಡಿನಲ್ಲಿ ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ ಟ್ಯೂರಿನ್ ಸನ್ನದನ್ನು ರೂಪಿಸಿತು. ಫಿಯೆಟ್ಟಿನ ತವರೂರೂ ಟ್ಯೂರಿನ್ನೇ.

ನಮ್ಮ ಕಾನೂನು ಈ ವಿಷಯವನ್ನು ನೋಡುವ ಬಗೆ ಬೇರೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಹಳೆಯ ವಾಹನಗಳಿಗೆ ಮೊದಲ ಸಲ ಪ್ರತ್ಯೇಕ ನಿಯಮ ಮಾಡಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಬೈಕು ಕಾರುಗಳು ವಿಂಟೇಜ್ ಎನಿಸಿಕೊಳ್ಳುತ್ತವೆ, ಅವುಗಳ ನಂಬರ್ ಪ್ಲೇಟಿನಲ್ಲಿ ವಿಎ ಎಂಬ ಗುರುತು ಬರುತ್ತದೆ, ಹೊಸ ನೋಂದಣಿಗೆ 20,000 ರೂಪಾಯಿ, ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ನಿಯಮ ಬಂದದ್ದು ಒಳ್ಳೆಯದೇ. ಆದರೆ ಅದರೊಳಗೆ ಒಂದು ಷರತ್ತಿದೆ: ವಾಹನ ತನ್ನ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಇಂಜಿನ್ನುಗಳಲ್ಲಿ ಬದಲಾವಣೆ ಸೇರಿದಂತೆ ದೊಡ್ಡ ಮಟ್ಟದ ದುರಸ್ತಿಗೆ ಒಳಗಾಗಿರಬಾರದು. ಕಟ್ಟುನಿಟ್ಟಾಗಿ ಓದಿದರೆ, ಬೋರ್ ಆದ ಇಂಜಿನ್ನು ಮತ್ತು ತೇಪೆ ಹಾಕಿದ ನೆಲದ ನಮ್ಮ ಕಾರು ಅದರ ಹತ್ತಿರವೂ ಸುಳಿಯುವಂತಿಲ್ಲ.

ವಯಸ್ಸಿನ ಲೆಕ್ಕ ಇನ್ನೂ ವಿಚಿತ್ರವಾದದ್ದು. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆ, ನವೀಕರಣ. ಅದರ ಶುಲ್ಕ 2022ರ ಏಪ್ರಿಲಿನಲ್ಲಿ 600ರಿಂದ 5,000 ರೂಪಾಯಿಗೆ ಏರಿತು. ಮೇಲೆ ನಮ್ಮ ರಾಜ್ಯದ ಹಸಿರು ತೆರಿಗೆ. ಅಂದರೆ ಹದಿನೈದನೇ ವರ್ಷಕ್ಕೆ ಕಾರು ಕಾನೂನಿನ ಕಣ್ಣಿಗೆ ಹೊರೆಯಾಗುತ್ತದೆ, ಐವತ್ತನೇ ವರ್ಷಕ್ಕೆ ಪರಂಪರೆಯಾಗುತ್ತದೆ. ನಡುವಿನ ಮೂವತ್ತೈದು ವರ್ಷ ಅದು ಏನೂ ಅಲ್ಲ. ಆ ಮೂವತ್ತೈದು ವರ್ಷ ಅದನ್ನು ಸಾಕಿದವರ ಕೈಕೆಲಸವನ್ನು ಐವತ್ತನೇ ವರ್ಷಕ್ಕೆ ಮೂಲ ರೂಪ ಕೆಡಿಸಿದ್ದೆಂದು ಎಣಿಸಲಾಗುತ್ತದೆ. ದುರಸ್ತಿಯಿಲ್ಲದೆ ಯಾವ ಯಂತ್ರವೂ ಐವತ್ತು ವರ್ಷ ಮುಟ್ಟುವುದಿಲ್ಲ. ಮುಟ್ಟಿದ್ದರೆ ಅದು ಓಡದೆ ನಿಂತಿರುತ್ತದೆ, ಇಲ್ಲವೇ ಅರಮನೆಯ ಷೆಡ್ಡಿನಲ್ಲಿ ಆಳುಕಾಳುಗಳ ನಡುವೆ ಬೆಳೆದಿರುತ್ತದೆ.

ನಮ್ಮಲ್ಲಿ ಹಳೆಯ ಕಾರಿನ ಗೌರವ ಬಹುಪಾಲು ಆ ಅರಮನೆಯ ಷೆಡ್ಡುಗಳಿಂದಲೇ ಶುರುವಾಯಿತು. ದಿಲ್ಲಿಯಲ್ಲಿ ಸ್ಟೇಟ್ಸ್‌ಮನ್ ಪತ್ರಿಕೆಯ ವಿಂಟೇಜ್ ರ್‍ಯಾಲಿ ಆರಂಭವಾದದ್ದು 1964ರಲ್ಲಿ. ಅಲ್ಲಿಂದ ಇಲ್ಲಿಯತನಕ ಇಂಥ ಮೆರವಣಿಗೆಗಳಲ್ಲಿ ಎದ್ದು ಕಾಣುವುದು ರೋಲ್ಸ್ ರಾಯ್ಸು, ಡೈಮ್ಲರುಗಳು. ನಮ್ಮಲ್ಲೂ ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯ, ಶ್ರೀರಂಗಪಟ್ಟಣದ ಹತ್ತಿರದ ಪಯಣ ಸಂಗ್ರಹಾಲಯಗಳಲ್ಲಿ ಹಳೆಯ ಕಾರುಗಳನ್ನು ಅಚ್ಚುಕಟ್ಟಾಗಿ ಕಾಪಾಡಿದ್ದಾರೆ. ಅವು ಬೇಕು. ಇಂಗ್ಲೆಂಡಿನಲ್ಲಿ 1934ರಲ್ಲಿ ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್ಬನ್ನು ಕಟ್ಟಿದವರು ಮಾತ್ರ ಅಷ್ಟೇನೂ ಹಣವಿಲ್ಲದ ಹುಡುಗರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ಹೊಸ ಕಾರು ಕೊಳ್ಳಲಾಗದೆ, ಹಳೆಯದನ್ನು ಅಗ್ಗಕ್ಕೆ ತಂದು ತಾವೇ ಬಿಚ್ಚಿ ಜೋಡಿಸುವವರ ಹವ್ಯಾಸ ಅಲ್ಲಿ ಒಂದು ಪರಂಪರೆಯೇ ಆಯಿತು. ನಮ್ಮಲ್ಲಿ ಅದೇ ಕೆಲಸವನ್ನು ಹವ್ಯಾಸವಾಗಿ ಅಲ್ಲ, ಅನಿವಾರ್ಯವಾಗಿ ಸಾವಿರಾರು ಜನ ಮಾಡಿದರು. ಅನಿವಾರ್ಯವಾಗಿ ಮಾಡಿದ್ದಕ್ಕೆ ನಾವು ಪರಂಪರೆಯ ಹೆಸರು ಕೊಡಲಿಲ್ಲ.

ಹಳೆಯ ಕಾರುಗಳೆಲ್ಲ ರಸ್ತೆಯಲ್ಲೇ ಇರಬೇಕು ಎನ್ನುವುದು ನನ್ನ ವಾದವಲ್ಲ. ನಮ್ಮ ಪದ್ಮಿನಿಯ ಹೊಗೆ ಇವತ್ತಿನ ಕಾರುಗಳ ಹೊಗೆಗಿಂತ ಕೊಳೆಯದು. ಅದರಲ್ಲಿ ಗಾಳಿಚೀಲವಿಲ್ಲ, ಡ್ರಮ್ ಬ್ರೇಕು ಘಾಟಿಯಿಳಿಯುವಾಗ ಬಿಸಿಯೇರಿ ಸೋಲುತ್ತದೆ. ಊರಿನ ಗಾಳಿ ಕೆಡಿಸಿಕೊಂಡು ನೆನಪು ಉಳಿಸಿಕೊಳ್ಳಿ ಎಂದು ಯಾರಿಗೂ ಹೇಳಲಾಗದು. ಮುಂಬಯಿ ಆ ಟ್ಯಾಕ್ಸಿಗಳನ್ನು ನಿಲ್ಲಿಸಿದ್ದರಲ್ಲಿ ನ್ಯಾಯವಿದೆ. ನನಗೆ ಆತಂಕವಿರುವುದು ಕಾರಿಗಿಂತ ಹೆಚ್ಚಾಗಿ ಅದರ ಜೊತೆಗೆ ಮರೆಯಾಗುತ್ತಿರುವ ತಿಳಿವಳಿಕೆಯ ಬಗ್ಗೆ.

ಮೇಸ್ತ್ರಿ ಬೆರಳ ತುದಿಯಿಂದ ಕ್ರ್ಯಾಂಕಿನ ಬೇರಿಂಗು ಮುಟ್ಟಿ ಎಷ್ಟು ಸವೆದಿದೆ ಎನ್ನುತ್ತಾರೆ. ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಇಂಜಿನ್ನಿಗೂ ಇನ್ನೊಂದನ್ನು ಕಿವಿಗೂ ಹಿಡಿದು ಎಲ್ಲಿಂದ ಸದ್ದು ಬರುತ್ತಿದೆ ಎಂದು ಗುರುತಿಸುತ್ತಾರೆ. ಬೆಂಕಿ ಕೊಡುವ ಸರದಿ ಒಂದು, ಮೂರು, ನಾಲ್ಕು, ಎರಡು ಎನ್ನುವುದು ಅವರ ಬಾಯಲ್ಲಿ ಮಗ್ಗಿಯ ಹಾಗೆ ಬರುತ್ತದೆ. ಇದಾವುದೂ ಎಲ್ಲೂ ಬರೆದಿಟ್ಟಿಲ್ಲ. ಹದಿಮೂರನೇ ವಯಸ್ಸಿನಲ್ಲಿ ಗ್ಯಾರೇಜು ಸೇರಿ, ಪಾನಾ ಒರೆಸಿ ಕೊಡುತ್ತಾ, ಬೈಸಿಕೊಳ್ಳುತ್ತಾ ಕಲಿತದ್ದು. ಅವರ ಮಗ ತುಮಕೂರಿನ ಸರ್ವಿಸ್ ಸೆಂಟರಿನಲ್ಲಿದ್ದಾನೆ. ಅಲ್ಲಿ ಕಾರಿಗೆ ಸ್ಕ್ಯಾನರ್ ಚುಚ್ಚಿದರೆ ತೊಂದರೆಯ ನಂಬರು ಪರದೆಯ ಮೇಲೆ ಬರುತ್ತದೆ, ಆ ಭಾಗವನ್ನು ಇಡಿಯಾಗಿ ಬದಲಿಸುತ್ತಾರೆ. ಅದೂ ಒಂದು ವಿದ್ಯೆಯೇ. ಆದರೆ ಬಿಚ್ಚಿ ನೋಡಿ ಸರಿಪಡಿಸುವ ಅವಕಾಶ ವಸ್ತುವಿನಲ್ಲೇ ಇಲ್ಲದಂತೆ ಈಗ ಅವು ತಯಾರಾಗುತ್ತಿವೆ. 2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿಗಾಗಿ ಜಾಲತಾಣವೊಂದನ್ನು ತೆರೆಯಿತು. ಫೋನು, ಟ್ರ್ಯಾಕ್ಟರು, ಕಾರುಗಳ ದುರಸ್ತಿಯ ಮಾಹಿತಿ ಬಳಸುವವರಿಗೂ ಸಿಗಬೇಕು ಎನ್ನುವುದು ಅದರ ಆಶಯ. ನಮ್ಮ ಅಜ್ಜಂದಿರ ಕಾಲಕ್ಕೆ ಕೇಳದೆಯೇ ಇದ್ದದ್ದನ್ನು ಈಗ ಹಕ್ಕೆಂದು ಕೇಳಬೇಕಾಗಿ ಬಂದಿದೆ.

ಹಾಗಾಗಿ ಕಾರಿನ ಕೆಲಸದ ಜೊತೆಗೆ ನಾನು ಇನ್ನೊಂದು ಕೆಲಸವನ್ನೂ ಮಾಡಿದೆ. ಮೇಸ್ತ್ರಿ ಹೇಳಿದ್ದನ್ನೆಲ್ಲ ಅವರದೇ ಮಾತಿನಲ್ಲಿ ಬರೆದುಕೊಂಡೆ, ಧ್ವನಿಮುದ್ರಣ ಮಾಡಿಕೊಂಡೆ. ಇಂಜಿನ್ 'ಕೆಮ್ಮಿದರೆ' ಏನು, 'ಬಿಕ್ಕಿದರೆ' ಏನು, ಕಾರು 'ಉಸಿರು ಹಿಡಿದರೆ' ಏನು ಎಂಬುದಕ್ಕೆಲ್ಲ ಅವರಲ್ಲಿ ಖಚಿತ ಅರ್ಥಗಳಿವೆ. ಕೆಮ್ಮುವುದು ಕಾರ್ಬುರೇಟರಿನ ದೋಷ, ಬಿಕ್ಕುವುದು ಪಾಯಿಂಟಿನದು, ಉಸಿರು ಹಿಡಿಯುವುದು ಪೆಟ್ರೋಲ್ ಪೈಪಿನದು. ನಮ್ಮ ಕೈಗಾರಿಕಾ ಚರಿತ್ರೆಯ ಕಡತಗಳಲ್ಲಿ ದಿವಾನರಿದ್ದಾರೆ, ಉದ್ಯಮಿಗಳಿದ್ದಾರೆ, ಆಯೋಗಗಳಿವೆ. ಕಾರ್ಖಾನೆಯಿಂದ ಹೊರಬಿದ್ದ ವಸ್ತು ಮುಂದೆ ಮೂವತ್ತು, ನಲವತ್ತು ವರ್ಷ ಯಾರ ಕೈಯಲ್ಲಿ ಬಾಳಿತು ಎನ್ನುವುದಕ್ಕೆ ಕಡತವಿಲ್ಲ. ಮೈಸೂರಿಗೆ ಬರಬೇಕಿದ್ದ ಕಾರು ಕಾರ್ಖಾನೆಯ ಬಗ್ಗೆ ನೂರಾರು ಪುಟ ಓದಿದ್ದೇನೆ. ಮೈಸೂರು ಸೀಮೆಯಲ್ಲಿ ಆ ಕಂಪನಿಯ ಕಾರುಗಳನ್ನು ಬದುಕಿಸಿದವರ ಬಗ್ಗೆ ಓದಲು ಒಂದು ಪುಟವೂ ಸಿಕ್ಕಿಲ್ಲ. ಪ್ರಬಂಧದಲ್ಲಿ ಇದಕ್ಕೆ ಒಂದು ಅಧ್ಯಾಯ ಕೇಳಿದ್ದೇನೆ, ಮಾರ್ಗದರ್ಶಕರು ಒಪ್ಪಿದ್ದಾರೆ.

ಕಾರಿನ ಬಗ್ಗೆ ಕೊನೆಗೆ ಮಾಡಿದ ತೀರ್ಮಾನ ಇದು: ತೇಪೆ ಹಾಕಿದ ನೆಲ ಹಾಗೇ ಇರಲಿ. ವೆಲ್ಡಿಂಗ್ ಅಂಗಡಿಯ ಪಟ್ಟಿಯೂ ಇರಲಿ. ಪಂಪ್‌ಸೆಟ್ಟಿನ ಪೈಪು ಸೀಳಿದ್ದರಿಂದ ಅದನ್ನು ಮಾತ್ರ ಬದಲಿಸಿ, ಹಳೆಯದನ್ನು ಚೀಟಿ ಅಂಟಿಸಿ ಡಿಕ್ಕಿಯಲ್ಲಿಟ್ಟಿದ್ದೇವೆ. ಬ್ರೇಕು, ಟೈರು, ವೈರಿಂಗುಗಳಲ್ಲಿ ರಾಜಿಯಿಲ್ಲ, ಎಲ್ಲ ಹೊಸತು. ತಪಾಸಣೆಯಲ್ಲಿ ಪಾಸಾಗಿ, ಬಾಕಿ ದಂಡವನ್ನೂ ಕಟ್ಟಿ, 2024ರ ಕೊನೆಯಲ್ಲಿ ಐದು ವರ್ಷದ ನವೀಕರಣ ಸಿಕ್ಕಿತು. ದೊಡ್ಡಮ್ಮ ಹಿಂದಿನ ಸೀಟಿನಲ್ಲಿ ಕೂತು ತಿಪಟೂರಿನ ಸಂತೆಗೆ ಹೋಗಿಬಂದರು. ಬಂದವರು ಏನೂ ಹೇಳಲಿಲ್ಲ, ಸೆರಗಿನಿಂದ ಬಾಗಿಲ ಧೂಳು ಒರೆಸಿ ಒಳಗೆ ಹೋದರು.

1984ರ ಈ ಕಾರಿಗೆ ಐವತ್ತು ತುಂಬುವುದು 2034ರಲ್ಲಿ. ಅಲ್ಲಿಗೆ ಇನ್ನೊಂದು ನವೀಕರಣ ಬೇಕು, 2029ರಲ್ಲಿ. ಅಷ್ಟರೊಳಗೆ ಇನ್ನೊಂದು ಸಲ ಬ್ರೇಕಿನ ರಬ್ಬರು ಬದಲಾಗಬೇಕು, ಬಹುಶಃ ಕ್ಲಚ್ಚೂ. ಅದನ್ನು ಬಿಚ್ಚಲು ಈಗ ನನಗೆ ಗೊತ್ತು. ನಮ್ಮ ಪಕ್ಕದ ಮನೆಯ ಪಿಯುಸಿ ಹುಡುಗನೊಬ್ಬ ಮೂರು ಭಾನುವಾರಗಳಿಂದ ಬಂದು ಪಾನಾ ಒರೆಸಿಕೊಡುತ್ತಿದ್ದಾನೆ.